ಗ್ವಾಡಿ ಮ್ಯಾಲಿನ ಪತ್ರಿಕೆ

ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಎದೆಮಟ್ಟದ ಫರ್ಸಿ ಗೋಡೆ. ಶಹಾಬಾದಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಬುಡಕ್ಕೆ ಸಿಮೆಂಟು ಬಳಿದದ್ದು. ಸುರಪುರದಲ್ಲಿ ಇಂಥ ಗೋಡೆ ಕಟ್ಟೋದು ಕಳ್ಳರಿಗೆ ಹೆದರಿ ಅಲ್ಲ. ಎಮ್ಮೆ ಈ ಕಡೆ ಬರಬಾರದು, ಮಾತು ಆ ಕಡೆ ಹೋಗಬೇಕು, ಅಷ್ಟೇ ಲೆಕ್ಕ.

ಗೋಡೆಯಾಚೆ ಟೀಚರ್ ಇದ್ದಾರೆ. ಮಂಗಳೂರ ಕಡೆಯ ಕೊಂಕಣಿ ಕ್ರೈಸ್ತರು. ಇಲ್ಲಿಯ ಶಾಲೆಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಅವರ ಕನ್ನಡ ಇನ್ನೂ ಸಮುದ್ರದ ದಂಡೆ ಬಿಟ್ಟು ಬಂದಿಲ್ಲ. ನಾನು “ಏನ್ ನಡಸೀರಿ ಟೀಚರ್?” ಅಂದರೆ ಅವರು “ಎಂತ ಇಲ್ಲ ಮಾಸ್ಟ್ರೆ” ಅನ್ನುತ್ತಾರೆ. ನಾನು “ಅದ” ಅಂದಲ್ಲಿ ಅವರು “ಉಂಟು”. ಹೀಗೆ ಎರಡು ಕನ್ನಡಗಳು ಒಂದೇ ಗೋಡೆಗೆ ಮೊಣಕೈ ಊರಿ ಇಷ್ಟು ವರ್ಷ ಕಳೆದಿವೆ.

ಮೊನ್ನೆ ಐತವಾರ ಪೂಜೆ ಮುಗಿಸಿ ಬಂದವರೇ ಗೋಡೆಯ ಮೇಲೆ ಒಂದು ಪತ್ರಿಕೆ ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ನಿಂಬೆಹಣ್ಣು ಇಟ್ಟರು.

“ಕಡೇ ಪುಟ ನೋಡಿ ಮಾಸ್ಟ್ರೆ. ನಿಮಗೇ ಹಾಕಿದ ಹಾಗೆ ಉಂಟು.”

‘ಬರಹಗಾರರೂ ಚಿತ್ರಕಾರರೂ ಬೇಕಾಗಿದ್ದಾರೆ’ ಎಂದಿತ್ತು. ಅವರ ಸಭೆಯವರು ನಡೆಸುವ ಮಾಸಪತ್ರಿಕೆ. ಕಥೆ, ಲೇಖನ, ಹಾಸ್ಯ, ಮಕ್ಕಳ ಪುಟ, ವ್ಯಂಗ್ಯಚಿತ್ರ, ಫೋಟೊ, ಇಂಗ್ಲಿಷಿನಿಂದ ಅನುವಾದ, ಜೊತೆಗೆ ಕರಡು ತಿದ್ದಲಿಕ್ಕೂ ಜನ ಬೇಕಂತೆ. ಲೇಖನ 600 ಪದ ಮೀರಬಾರದು. ಯುನಿಕೋಡಿನಲ್ಲಿ ಬೆರಳಚ್ಚು ಆಗಿರಬೇಕು. ಬೇರೆಲ್ಲೂ ಪ್ರಕಟವಾಗಿರಬಾರದು.

“ಕಡೀ ಮಾತು ಓದ್ರಿ ಟೀಚರ್. ಆ ಅರ್ಹತಾ ನನಗ ಪೂರಾ ಅದ. ನಾ ಬರೆದದ್ದು ಒಂದೂ ಎಲ್ಲೂ ಪ್ರಕಟ ಆಗಿಲ್ಲ.”

ಸುಳ್ಳಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಪತ್ರಿಕೆಗೆ ಕಥೆ ಕಳಿಸಿದ್ದೆ. ಏಳು ತಿಂಗಳಿಗೆ ಲಕೋಟೆ ವಾಪಸು ಬಂತು. ಒಡೆದು ನೋಡಿದರೆ ಒಳಗೆ ಯಾರದೋ ಪ್ರೇಮಕವಿತೆ. ನನ್ನ ಕಥೆ ಆ ಕವಿಯ ಮನೆಗೆ ಹೋಗಿರಬೇಕು. ಒಬ್ಬನಾದರೂ ಓದಿದ ಅನ್ನುವ ಸಮಾಧಾನದ ಮೇಲೆ ಅಲ್ಲಿಂದ ಇಲ್ಲಿಯವರೆಗೆ ಬದುಕಿದ್ದೇನೆ.

“ಆದ್ರ ನಾ ಕ್ರೈಸ್ತ ಅಲ್ಲಲ್ರಿ?”

“ಕ್ರೈಸ್ತರೇ ಬರೀಬೇಕು ಅಂತ ಎಲ್ಲಿ ಉಂಟು? ಕನ್ನಡಕ ಹಾಕಿ ಓದಿ ಮಾರಾಯ್ರೆ.”

“ರೊಕ್ಕ ಎಷ್ಟ ಕೊಡ್ತಾರ?”

“ಒಂದು ಗೌರವ ಪ್ರತಿ.”

“ಮತ್ತ?”

“ಬಾಕಿ ಸ್ವರ್ಗದಲ್ಲಿ ಚುಕ್ತಾ.”

ಪತ್ರಿಕೆ ತಿರುವಿ ಹಾಕಿದೆ. ಇಂಥ ಪತ್ರಿಕೆಗೆ ತನ್ನದೇ ಒಂದು ಮುಖ ಇರುತ್ತದೆ. ಮುಂದೆ ಧರ್ಮಾಧ್ಯಕ್ಷರ ಸಂದೇಶ. ಹಿಂದೆ ಕಳೆದುಹೋದ ಉಂಗುರ ಸಿಕ್ಕಿತೆಂದು ಸಂತ ಅಂತೋಣಿಯವರಿಗೆ ಕೃತಜ್ಞತೆ. ಅದರ ಪಕ್ಕ ವಧು ಬೇಕಾಗಿದ್ದಾಳೆ. ಅದರ ಕೆಳಗೆ ಹದಿನೈದನೇ ಪುಣ್ಯಸ್ಮರಣೆ. ನಡುವೆ ಧರ್ಮಕೇಂದ್ರಗಳ ಸುದ್ದಿ, ಒಂದೊಂದು ಫೋಟೊದಲ್ಲಿ ಮೂವತ್ತು ಮಂದಿ. ಇವೆಲ್ಲದರ ಸಂದಿಯಲ್ಲಿ ಎರಡು ಪುಟದ ಒಂದು ಕಥೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರ ಹಾಗೆ ಮುದುಡಿ ಕೂತಿರುತ್ತದೆ.

“ಆ ಎರಡು ಪುಟವನ್ನು ಸಣ್ಣದು ಮಾಡಬೇಡಿ,” ಅಂದರು ಟೀಚರ್. “ನಮ್ಮ ಕೊಂಕಣಿ ಉಳಿದದ್ದೇ ಅಲ್ಲಿ.” ಮಂಗಳೂರಿನಲ್ಲಿ ಲೂಯಿಸ್ ಮಸ್ಕರೇನಸ್ ‘ಕೊಂಕಣಿ ದಿರ್ವೆಂ’ ಶುರು ಮಾಡಿದ್ದು 1912ರಲ್ಲಿ. ದಿರ್ವೆಂ ಅಂದರೆ ನಿಧಿ. ‘ರಾಕ್ಣೊ’ ವಾರಪತ್ರಿಕೆ 1938ರದ್ದು. ರಾಕ್ಣೊ ಅಂದರೆ ಕಾವಲುಗಾರ. ನಿಧಿಯ ಬೆನ್ನಿಗೇ ಕಾವಲುಗಾರ ಬಂದ ಈ ಕ್ರಮ ನನಗೆ ಬಹಳ ಹಿಡಿಸಿತು. ಎರಡೂ ಕನ್ನಡ ಲಿಪಿಯ ಕೊಂಕಣಿ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಆ ಭಾಷೆ ಸೇರಿದ್ದು 1992ರಲ್ಲಿ. ಅಷ್ಟರೊಳಗೆ ಇಂಥ ಪತ್ರಿಕೆಗಳ ಧಾರಾವಾಹಿ ಓದುತ್ತ ಎರಡು ತಲೆಮಾರು ಮುದುಕಾಗಿತ್ತು. ಮುಂಬೈಯಲ್ಲಿ ಕೆಲಸಕ್ಕಿದ್ದ ತಮ್ಮ ತಂದೆ ಊರಿನ ಕಾಗದಕ್ಕಿಂತ ಹೆಚ್ಚಾಗಿ ಧಾರಾವಾಹಿಯ ಮುಂದಿನ ಕಂತಿಗೆ ಕಾಯುತ್ತಿದ್ದರೆಂದು ಟೀಚರ್ ಹೇಳಿದರು.

ಕನ್ನಡದ ಮಾನ ಕಾಯಬೇಕಲ್ಲ? “ನಮ್ಮ ಮೊದಲ್ನೇ ಪತ್ರಿಕಾನೂ ಪಾದ್ರಿದೇರಿ. 1843, ಜುಲೈ 1, ‘ಮಂಗಳೂರ ಸಮಾಚಾರ’, ಹರ್ಮನ್ ಮೋಗ್ಲಿಂಗ್,” ಅಂದೆ, ಪಾಠ ಒಪ್ಪಿಸಿದಂತೆ.

“ಅವರು ಬಾಸೆಲ್ ಮಿಶನ್. ಪ್ರಾಟೆಸ್ಟೆಂಟ್. ನಮ್ಮವರಲ್ಲ.”

“ಪಾದ್ರಿ ಅಂದ್ಮ್ಯಾಲ ಎಲ್ಲಾರೂ ಒಂದೇ ಅಲ್ಲೇನ್ರಿ?”

“ಹಾಗಾದ್ರೆ ನಿಮ್ಮಲ್ಲಿ ಲಿಂಗಾಯತರೂ ವೈಷ್ಣವರೂ ಒಂದೆಯಾ?”

ಬಾಯಿ ಮುಚ್ಚಿಕೊಂಡೆ. ಮೆಥಡಿಸ್ಟರು ಯಾದಗಿರಿಯಲ್ಲಿ ಎಷ್ಟೋ ಕಾಲದಿಂದ ಇದ್ದಾರೆ. ಅವರನ್ನೂ ಇವರನ್ನೂ ನಾವು ಒಂದೇ ಬುಟ್ಟಿಗೆ ಹಾಕಿ ‘ಕಿರಸ್ತಾನರು’ ಅಂದು ಮುಗಿಸಿಬಿಡುತ್ತೇವೆ. ಆದರೂ ಸೋಲಬಾರದೆಂದು, “ಆ ಪತ್ರಿಕಾ ಮರುವರ್ಷ ಬಳ್ಳಾರಿಗಿ ಬಂದು ‘ಕನ್ನಡ ಸಮಾಚಾರ’ ಆಯ್ತು, ನಮ್ಮ ಕಡೀನೇ ಬಂತು ನೋಡ್ರಿ,” ಅಂದೆ. ಒಳಗಿನಿಂದ ನಮ್ಮ ಮನೆಯವರ ದನಿ ಬಂತು: “ರೊಟ್ಟಿ ಆರ್ಲತ್ತಾವ!”

ಆರಲಿ. ಮಾತು ಈಗ ಕಾದಿತ್ತು.

ಮೋಗ್ಲಿಂಗ್ ಮಂಗಳೂರಲ್ಲಿ ಕಲ್ಲಚ್ಚಿನ ಮೇಲೆ ಕನ್ನಡ ಮೂಡಿಸುತ್ತಿದ್ದ ಹೊತ್ತಿಗೆ ನಮ್ಮ ಗುಡ್ಡದ ಮೇಲೂ ಒಬ್ಬ ಬರೆಯುತ್ತಿದ್ದ. ಫಿಲಿಪ್ ಮೆಡೋಸ್ ಟೇಲರ್. ಸುರಪುರದ ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗ, ಸಂಸ್ಥಾನ ನೋಡಿಕೊಳ್ಳಲು ಬ್ರಿಟಿಷರು ಕಳಿಸಿದ ಅಧಿಕಾರಿ ಈತ. ಹುಡುಗ ರಾಜ ಅವನನ್ನು ‘ಅಪ್ಪಾ’ ಅನ್ನುತ್ತಿದ್ದ. ಠಕ್ಕರ ಕುರಿತ ಅವನ ಕಾದಂಬರಿ 1839ರಲ್ಲೇ ಬಂದು ಲಂಡನ್ ತುಂಬ ಹೆಸರಾಗಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವ ಸಂಗತಿ ಬೇರೆ ಇದೆ. 1840ರಿಂದ 1853ರವರೆಗೆ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿಗಾರ. ಯಾದಗಿರಿಗೆ ಆಗಿನ್ನೂ ರೈಲಿಲ್ಲ. ಹರಕಾರನ ಹೆಗಲಿನಿಂದ ಬಂದರಿಗೆ, ಬಂದರಿನಿಂದ ಹಡಗಿಗೆ, ವಾರಗಟ್ಟಲೆ ಹೋಗಬೇಕು ಬರಹ. ಹಗಲು ಕಂದಾಯದ ಲೆಕ್ಕ, ನಡುವೆ ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲುಸಾಲು, ರಾಜನಕೋಳೂರಿನ ಆದಿಕಾಲದ ಕಲ್ಗೋರಿಗಳ ಅಳತೆ, ಚಿತ್ರ. ಇಷ್ಟು ಮಾಡಿಯೂ ಬರೆದ. ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಗುಡ್ಡದ ಮೇಲಿದೆ. ಅದರ ಕೆಳಗೇ ಕೂತ ನಾನು, ಕಿಸೆಯಲ್ಲಿ ಫೋನಿಟ್ಟುಕೊಂಡು, ಒಂದು ಪುಟ ಕಳಿಸಿಲ್ಲ.

“ಅವನ ಒಂದು ಕಾದಂಬರಿಯೊಳಗ ನಿಮ್ಮವರೂ ಬರ್ತಾರ ಟೀಚರ್. ನಿಮ್ಮವರೇ, ಕಥೋಲಿಕರೇ.”

ಟೀಚರ್ ನಿಂಬೆಹಣ್ಣು ಕೈಗೆತ್ತಿಕೊಂಡರು. ಅದು ಅವರು ಕಿವಿಗೊಡುವ ಲಕ್ಷಣ.

ಟೇಲರ್ ಸತ್ತದ್ದು 1876ರಲ್ಲಿ. ಚಾಂದಬೀಬಿಯ ಮೇಲೆ ಅವನು ಬರೆದ ‘ಎ ನೋಬಲ್ ಕ್ವೀನ್’ ಪುಸ್ತಕವಾದದ್ದು 1878ರಲ್ಲಿ. ಅದರಲ್ಲಿ ಮುದಗಲ್ಲಿನ ಇಗರ್ಜಿ, ಅಲ್ಲಿಯ ಪಾದ್ರಿಗಳು, ಕ್ರೈಸ್ತರು ಬರುತ್ತಾರೆ. ಕೃಷ್ಣಾ ಹೊಳೆಯಾಚೆಯ ಮುದಗಲ್ಲು ನಮಗೆ ಮೊಹರಮ್ಮಿಗೆ ಗೊತ್ತು, ಕೋಟೆಗೆ ಗೊತ್ತು. ಆದಿಲ್ ಶಾಹಿ ಕಾಲಕ್ಕೇ ಅಲ್ಲಿ ಕನ್ನಡ ಮಾತಾಡುವ ಕಥೋಲಿಕರು ನೆಲೆಯಾಗಿದ್ದರು ಅನ್ನೋದು ಇಲ್ಲಿ ಎಷ್ಟು ಜನಕ್ಕೆ ಗೊತ್ತು?

“ಇದನ್ನೇ ಬರೀರಿ!” ಟೀಚರ್ ಗೋಡೆ ತಟ್ಟಿದರು. “ಮಾಸ್ಟ್ರೆ, ನಾನೊಂದು ಹೇಳ್ತೇನೆ, ಬೇಜಾರು ಮಾಡಬೇಡಿ. ಇಪ್ಪತ್ತು ವರ್ಷದಿಂದ ಇಂಥ ಪತ್ರಿಕೆ ಓದ್ತಾ ಬಂದಿದ್ದೇನೆ. 2005ರಲ್ಲಿ ಕಲಬುರಗಿಗೆ ಬೇರೆ ಧರ್ಮಪ್ರಾಂತ್ಯ ಆಯ್ತು, ನಿಮ್ಮ ಯಾದಗಿರಿ ಜಿಲ್ಲೆಗಿಂತ ನಾಲ್ಕು ವರ್ಷ ಹಿರಿಯದು. ನಿಮ್ಮ ಕಡೆಯವರು ಪತ್ರಿಕೆಯಲ್ಲಿ ಬರ್ತಾರೆ, ಇಲ್ಲ ಅಂತ ಇಲ್ಲ. ಆದ್ರೆ ಎಲ್ಲಿ? ಫೋಟೊದಲ್ಲಿ. ಕಂಬಳಿ ತಕ್ಕೊಳ್ಳುವಾಗ, ಹೊಲಿಗೆ ಮೆಶಿನ್ ತಕ್ಕೊಳ್ಳುವಾಗ. ಲೇಖನದ ಕೆಳಗೆ ಹೆಸರಾಗಿ ಒಂದು ಸಲವೂ ನಾನು ನೋಡಿಲ್ಲ.”

ಮಾತು ನಿಂತಿತು. ಎಮ್ಮೆ ಸಹ ಮೆಲುಕು ಬಿಟ್ಟು ನೋಡಿತು ಅನಿಸಿತು.

ಬರ, ಬಿಸಿಲು, ಗುಳೆ. ನಮ್ಮ ಕಡೆಯ ಬಗ್ಗೆ ಬರುವ ಬರಹ ಈ ಮೂರರಲ್ಲಿ ಮುಗಿಯುತ್ತದೆ. ಇವೂ ಖರೆ. ಹತ್ತಿ ಬಿಡಿಸುವ ಕೆಲಸ ಮುಗಿದರೆ ಪುಣೆ, ಬೆಂಗಳೂರಿನ ಬಸ್ಸು ತುಂಬುವುದೂ ಖರೆ. ಆದರೆ ಬರೆದವರು ಬಸ್ಸಿನಿಂದ ಇಳಿದು ಬಂದವರು, ಬಸ್ಸು ಹತ್ತಿ ಹೋದವರಲ್ಲ. ನೇಕಾರ ದಾಸಿಮಯ್ಯನ ಮುದನೂರು ನಮ್ಮದು. ಲಕ್ಷ್ಮೀಶ ನಮ್ಮ ದೇವಾಪುರದವನೆಂದು ಕಡೂರಿನವರ ಜೊತೆ ಇಂದಿಗೂ ಜಗಳವಾಡುತ್ತೇವೆ. ಸತ್ತ ಕವಿಗೆ ಊರಿನ ಹೆಸರು ಹಚ್ಚಲು ಇಷ್ಟು ಹೋರಾಡುವ ನಾವು, ಬದುಕಿದ್ದಾಗ ಒಂದು ಲೇಖನದ ಕೆಳಗೆ ಊರಿನ ಹೆಸರು ಬರೆಯಲಿಕ್ಕೆ ಸೋಮಾರಿಗಳು.

“ಆದ್ರ ಟೀಚರ್, ದೇವರ ಪತ್ರಿಕಾದಾಗ ದೇವರ ವಿಷಯಾನೇ ಬರೀಬೇಕಲ್ಲ?”

“ಉಪದೇಶಕ್ಕೆ ಗುರುಗಳಿದ್ದಾರೆ, ಪ್ರತಿ ಭಾನುವಾರ ಕೊಡ್ತಾರೆ. ಸಾಗರದ ನಾ. ಡಿಸೋಜ ಏನು ಬೋಧನೆ ಬರೆದ್ರಾ?”

ಇದಕ್ಕೆ ಎದುರಾಡಲಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರ. ಶರಾವತಿಯ ಹಿನ್ನೀರು ಊರು ಮುಳುಗಿಸೋದನ್ನು ಕಣ್ಣಾರೆ ಕಂಡು, ಅದನ್ನೇ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಜನವರಿಯಲ್ಲಿ ತೀರಿಕೊಂಡಾಗ ಮುಳುಗಿದ ಊರುಗಳು ಇನ್ನೊಮ್ಮೆ ಮುಳುಗಿದ ಹಾಗಾಯಿತು. ನಮ್ಮ ನಾರಾಯಣಪುರದ ಬಸವಸಾಗರದ ಕೆಳಗೂ ಹಳ್ಳಿಗಳಿವೆ. ಆ ನೀರಿಂದಲೇ ಇಲ್ಲಿ ಭತ್ತ ಬೆಳೆದು ಉಣ್ಣುತ್ತೇವೆ. ಅವುಗಳ ಕಥೆ ಗೋಡೆ ಮೇಲೆ ಮೊಣಕೈ ಊರಿ ಎಷ್ಟೋ ಸಲ ಹೇಳಿದ್ದೇನೆ, ಹಾಳೆ ಮೇಲೆ ಒಂದು ಸಲವೂ ಇಲ್ಲ.

ಅದಕ್ಕೂ ಟೀಚರ್ ಹತ್ತಿರ ಒಬ್ಬ ಸಂತ ಇದ್ದರು. ಸಂತ ಫ್ರಾನ್ಸಿಸ್ ಸೇಲ್ಸ್. 1594ರಲ್ಲಿ ಜಿನೀವಾ ಸರೋವರದ ತೆಂಕಣ ಸೀಮೆಗೆ ಬೋಧಿಸಲು ಹೋದರೆ ಯಾರೂ ಕೇಳಲು ಬರಲಿಲ್ಲ. ಆಗ ಆತ ಹೇಳಬೇಕಾದ್ದನ್ನು ಹಾಳೆಯ ಮೇಲೆ ಬರೆದು, ಮನೆ ಮನೆಯ ಬಾಗಿಲ ಸಂದಿಯಲ್ಲಿ ತೂರಿಸುತ್ತ ನಡೆದ. 1923ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಅವರನ್ನು ಪತ್ರಕರ್ತರ, ಬರಹಗಾರರ ಪಾಲಕ ಸಂತ ಎಂದು ಸಾರಿದರು. ಹಬ್ಬ ಜನವರಿ 24.

ನನ್ನ ರೋಗ ನನಗೆ ಆಗ ತಿಳಿಯಿತು. ಆ ಸಂತನಿಗೆ ಕೇಳುವವರು ಇರಲಿಲ್ಲ, ಬರೆದ. ಗುಡ್ಡದ ಮೇಲಿನ ಟೇಲರನಿಗೆ ತನ್ನ ಭಾಷೆಯಲ್ಲಿ ಮಾತಿಗೆ ಜನ ಕಡಿಮೆ, ಬರೆದ. ನನಗೆ ಗೋಡೆ ಇದೆ, ಗೋಡೆಯಾಚೆ ಟೀಚರ್ ಇದ್ದಾರೆ. ಕೇಳುವವರು ಸಿಕ್ಕವನಿಗೆ ಬರೆಯುವ ಗರಜು ಬೀಳೋದಿಲ್ಲ.

“ಚಿತ್ರಕಾರರೂ ಬೇಕು ಅಂತ ಉಂಟಲ್ಲ, ಅದಕ್ಕೆ ಯಾರು?” ಟೀಚರ್ ಬಿಡಲಿಲ್ಲ.

ಸುರಪುರದಲ್ಲಿ ನಿಂತು ಕೇಳುವ ಪ್ರಶ್ನೆಯೇ ಇದು! ನಾಯಕ ಅರಸರ ಆಸರೆಯಲ್ಲಿ ಬಂಗಾರದ ಹಾಳೆ ಹಚ್ಚಿ ಚಿತ್ರ ಬರೆದ ಗರುಡಾದ್ರಿ ಮನೆತನದ ಊರು. ಆ ಪದ್ಧತಿ ಕಲಿತ ಹುಡುಗರಿಗೆ ಈಗ ಸಿಗುವ ಕೆಲಸ ಅಂಗಡಿ ಬೋರ್ಡು, ಮದುವೆ ಮಂಟಪ. ಕ್ರಿಸ್ಮಸ್ ಸಂಚಿಕೆಯ ಮುಖಪುಟಕ್ಕೆ ಸುರಪುರ ಶೈಲಿಯ ಒಂದು ಗೋದಲಿ ಬರೆಸಿದರೆ? ಮರಿಯಮ್ಮನಿಗೆ ಇಳಕಲ್ ಸೀರೆ, ಮೈತುಂಬ ಬಂಗಾರದ ಕೆಲಸ, ಹಿಂದೆ ನಮ್ಮ ಗುಡ್ಡ, ಕುರಿಗಳ ಜೊತೆ ಹೆಗಲಿಗೆ ಕಂಬಳಿ ಹಾಕಿದ ನಮ್ಮ ಕುರುಬ.

“ಕಂಬಳಿ ಇರಲಿ,” ಅಂದರು ಟೀಚರ್, “ಆದ್ರೆ ಈ ಸಲ ಯಾರೂ ಕೊಟ್ಟದ್ದಲ್ಲ, ಅವನದ್ದೇ.”

“ಒಂದು ತೊಂದ್ರಿ ಅದರಿ. ಬಂಗಾರದ ಹಾಳಿ ಪ್ರೆಸ್ಸಿನಾಗ ಬಿದ್ರ ಸಾಸಿವಿ ಬಣ್ಣ ಆಗ್ತದ.”

“ಸಾಸಿವೆಗೂ ಬೈಬಲಲ್ಲಿ ಒಳ್ಳೆ ಹೆಸರುಂಟು. ನೀವು ಮೊದಲು ಬರೀರಿ.”

ರೊಟ್ಟಿ ಆರಿ, ಕಟಕಲು ರೊಟ್ಟಿಯಾದ ಮೇಲೆ ಒಪ್ಪಂದವಾಯಿತು. ನಾನು ಮುದಗಲ್ಲಿನ ವಿಷಯ ಕೈಯಲ್ಲಿ ಬರೆದುಕೊಡಬೇಕು, ಟೀಚರ್ ಫೋನಿನಲ್ಲಿ ಬೆರಳಚ್ಚು ಮಾಡಿ ಕಳಿಸಬೇಕು. ಮೂರು ರಾತ್ರಿ ಕೂತು ಬರೆದೆ. 600 ಪದಕ್ಕೆ ಇಳಿಸಲು ಇನ್ನೆರಡು ರಾತ್ರಿ ಬೇಕಾಯಿತು. ಗೋಡೆಯ ಮೇಲೆ ಖರ್ಚು ಮಾಡುವಾಗ ಮಾತಿಗೆ ಇಷ್ಟು ಬೆಲೆ ಇದೆಯೆಂದು ಗೊತ್ತೇ ಇರಲಿಲ್ಲ.

ಆಮೇಲೆ ಗೋಡೆಯ ಎರಡೂ ಬದಿ ನಿಂತು ತಿದ್ದುಪಡಿ. ನಾನು ‘ಮುದಗಲ್ಲಿನಾಗ ಹಳೀ ಇಗರ್ಜಿ ಅದ’ ಎಂದು ಬರೆದಿದ್ದೆ. ಟೀಚರ್ ‘ಉಂಟು’ ಅಂದರು. ‘ಅದ’ ಬಿಡಲು ನಾನು ತಯಾರಿಲ್ಲ, ‘ಉಂಟು’ ಬಿಡಲು ಅವರು ತಯಾರಿಲ್ಲ. ಅರ್ಧ ತಾಸು ಕಳೆದ ಮೇಲೆ ಇಬ್ಬರ ಮನೆಯಲ್ಲೂ ಯಾರೂ ಆಡದ ‘ಇದೆ’ಗೆ ರಾಜಿಯಾದೆವು.

ಕೊನೆಗೆ ಹೆಸರು, ಕೆಳಗೆ ಊರು. ಹೆಸರು ಸಲೀಸಾಗಿ ಬಂತು. ಊರಿಗೆ ಟೀಚರ್ ‘ಸುರ’ ಎಂದು ಒತ್ತಿದ್ದೇ ತಡ, ಫೋನು ತಾನಾಗಿ ‘ಸುರತ್ಕಲ್’ ಮಾಡಿತು. ಅಳಿಸಿದರು. ಮತ್ತೆ ‘ಸುರ’. ಮತ್ತೆ ಸುರತ್ಕಲ್. ಸಮುದ್ರದ ಫೋನು, ಅದಕ್ಕೆ ನಮ್ಮ ಗುಡ್ಡ ಎಲ್ಲಿ ಗೊತ್ತು?

“ನೋಡ್ರಿ ಟೀಚರ್, ಇದಕ್ಕೂ ನಮ್ಮೂರ ಹೆಸರು ಗೊತ್ತಿಲ್ಲ.”

ಟೀಚರ್ ಒಂದೊಂದೇ ಅಕ್ಷರ ಒತ್ತಿ ಸುರಪುರ ಮಾಡಿದರು. ಕಳಿಸುವ ಗುಂಡಿ ಅದುಮಿ, ಫೋನು ಸೆರಗಿಗೆ ಒರೆಸಿಕೊಂಡು ಅಂದರು:

“ಬರೆದರಲ್ವಾ ಗೊತ್ತಾಗೋದು? ಇನ್ನು ನಾಲ್ಕು ಲೇಖನ ಕೊಡಿ ಮಾಸ್ಟ್ರೆ, ತಾನೇ ಕಲೀತದೆ.”