ರಿಲೀಸಣ್ಣ

ಹರಪನಹಳ್ಳಿಯ ಯಾವ ಓಣಿಗೆ ಹೋದರೂ ಒಬ್ಬ ರಿಲೀಸಣ್ಣ ಸಿಕ್ಕೇ ಸಿಗುತ್ತಾನೆ. ಅಪ್ಪ-ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಇದು ಹುಡುಗರು ಇಟ್ಟದ್ದು. ವಯಸ್ಸು ಇಪ್ಪತ್ತೈದರ ಆಚೀಚೆ, ಕಸುಬು ಮೊಬೈಲ್ ರಿಪೇರಿ, ಧ್ಯಾನ ಮಾತ್ರ ಇನ್ನೂ ಬಾರದ ವಿಡಿಯೋ ಗೇಮುಗಳದ್ದು. ಬಂದ ಗೇಮಿನ ಮೇಲೆ ಅವನಿಗೆ ಅಷ್ಟೇನೂ ಆಸಕ್ತಿಯಿಲ್ಲ. ಅದನ್ನು ಯಾರು ಬೇಕಾದರೂ ಆಡುತ್ತಾರೆ.

ಟ್ರೇಲರ್ ಬಿತ್ತೆಂದರೆ ಅಂಗಡಿಯಲ್ಲಿ ಮೈಲಾರದ ಕಾರ್ಣಿಕವೇ. ಅಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದು ಮಳೆಗೋ, ಬೆಳೆಗೋ, ಸರ್ಕಾರಕ್ಕೋ ಎಂದು ಜನ ವರ್ಷವಿಡೀ ಅರ್ಥ ಹಚ್ಚುತ್ತಾರೆ. ಇವನೂ ಹಾಗೇ, ಜಿಟಿಎ 6 ಗೇಮಿನ ಚಿತ್ರಗಳನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾನೆ. 2024ರ ನವೆಂಬರಿನಲ್ಲಿ ಎಲ್ಲ ದೇಶದ ಅಭಿಮಾನಿಗಳೂ ಅದನ್ನು ಮಾಡುವ ರಾಕ್‌ಸ್ಟಾರ್ ಕಂಪನಿಯ ಚಿತ್ರದಲ್ಲಿದ್ದ ಚಂದ್ರನನ್ನು ಹಿಡಿದು ಮುಂದಿನ ಟ್ರೇಲರಿನ ತಿಥಿ ಎಣಿಸಿದರಲ್ಲ, ನಮ್ಮವನೂ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆಗೆ ಕೆಂಪು ಸುತ್ತು ಹಾಕಿದ. ಅದನ್ನು ಕಂಡ ಅವನವ್ವ ಮಗನಿಗೆ ದೇವರ ಮೇಲೆ ಭಕ್ತಿ ಬಂತೆಂದು ಹಿಗ್ಗಿ ಕಾಯಿ ಒಡೆಸಿ ಬಂದಳು. ಟ್ರೇಲರ್ ಬರಲಿಲ್ಲ. ಕಾಯಿಯ ಚಟ್ನಿಯಂತೂ ಆಯಿತು.

ಈ ಗೇಮ್ ಮೊದಲು 2025ಕ್ಕೆ ಎಂದರು. ಆಮೇಲೆ 2026ರ ಮೇ 26 ಎಂದರು. ಅದೂ ಹೋಗಿ ನವೆಂಬರ್ 19 ಎಂದರು. ತಾರೀಖು ಜಾರಿದಾಗಲೆಲ್ಲ ರಿಲೀಸಣ್ಣನ ಬೈಗುಳ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ. ಗುಟ್ಟೇ ಬೇರೆ. ಅದನ್ನು ಆಡುವುದಕ್ಕೆ ಬೇಕಾದ ಪಿಎಸ್ 5 ಅವನ ಹತ್ತಿರ ಇಲ್ಲ. ಚೀಟಿ ಎತ್ತಿ ತರಬೇಕು. ಗೇಮ್ ಆರು ತಿಂಗಳು ಮುಂದೆ ಹೋದರೆ ಚೀಟಿಯ ಆರು ಕಂತಿಗೆ ಉಸಿರು ಸಿಕ್ಕ ಹಾಗೆ. ಹೀಗಾಗಿ ಎಷ್ಟು ಬೈದರೂ ಅವನ ಮುಖದ ಕಳೆ ಹೋಗುವುದಿಲ್ಲ.

ಕಂಪನಿಗಳ ಕ್ಷಮಾಪಣೆ ಪತ್ರ ಓದುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಯಾರದೋ ಫೋನಿಗೆ ಸ್ಕ್ರೀನ್ ಗಾರ್ಡ್ ಹಾಕಿ, ಹಳೇ ಎಟಿಎಂ ಕಾರ್ಡಿನಿಂದ ಗುಳ್ಳೆಗಳನ್ನು ಒಂದೊಂದಾಗಿ ಅಂಚಿಗೆ ದೂಡುತ್ತಾ ಪಾಠ ಶುರುಮಾಡುತ್ತಾನೆ: "ಮೊದಲನೇ ಸಾಲಲ್ಲಿ ನಮ್ಮನ್ನ ಹೊಗಳಿದ್ರು ಅಂದ್ರೆ, ಮೂರನೇ ಸಾಲಲ್ಲಿ ತಾರೀಖು ಹೋಗೈತಿ ಅಂತ ತಿಳ್ಕೋ." ಪೋಲೆಂಡಿನ ಸಿಡಿ ಪ್ರಾಜೆಕ್ಟ್‌ನವರು ಸೈಬರ್‌ಪಂಕ್ 2077 ಆಟವನ್ನು 2020ರ ಏಪ್ರಿಲಿನಿಂದ ಸೆಪ್ಟೆಂಬರಿಗೆ, ಅಲ್ಲಿಂದ ನವೆಂಬರಿಗೆ, ಕೊನೆಗೆ ಡಿಸೆಂಬರ್ 10ಕ್ಕೆ ದೂಡಿ, ಹಳದಿ ಹಾಳೆಯ ಮೇಲೆ ಕ್ಷಮೆ ಕೇಳಿದ್ದು ಅವನಿಗೆ ಬಾಯಿಪಾಠ. ಬಂದ ಆಟ ಎಷ್ಟು ಅರೆಬೆಂದಿತ್ತೆಂದರೆ, ಆ ತಿಂಗಳು ಮುಗಿಯುವುದರೊಳಗೆ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ದುಡ್ಡು ವಾಪಸ್ ಕೊಡಬೇಕಾಯಿತು.

ಅಷ್ಟು ದೂರ ಯಾಕೆ, ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನವರ ಫೌಜಿ ಇಲ್ಲವೇ? ಪಬ್‌ಜಿ ಬ್ಯಾನ್ ಆದ ಎರಡೇ ದಿನಕ್ಕೆ, 2020ರ ಸೆಪ್ಟೆಂಬರ್ 4ರಂದು, ಅಕ್ಷಯ್ ಕುಮಾರ್ ಅದನ್ನು ಸಾರಿದರು. ಅಕ್ಟೋಬರ್ ಎಂದದ್ದು ನವೆಂಬರ್ ಆಯಿತು. ಬಂದದ್ದು 2021ರ ಜನವರಿ 26ಕ್ಕೆ. ರಿಲೀಸಣ್ಣ ರಿಪೇರಿಗೆ ಬಂದ ಫೋನುಗಳಲ್ಲೂ ಮುಂಗಡ ನೋಂದಣಿ ಮಾಡಿಸಿಬಿಟ್ಟಿದ್ದ. ತೆರೆದು ನೋಡಿದರೆ ಗಲ್ವಾನ್ ಕಣಿವೆ, ಬಂದೂಕಿಲ್ಲ, ಜೊತೆಗೆ ಗೆಳೆಯರಿಲ್ಲ, ಒಬ್ಬನೇ ಹೊಡೆದಾಡಬೇಕು. ಗಲ್ವಾನಿನಿಂದ ಶುರು ಎಂದು ಕಂಪನಿ ಮೊದಲೇ ಹೇಳಿತ್ತೆನ್ನಿ; ಹುಡುಗರ ತಲೆಯಲ್ಲಿ ಕೂತಿದ್ದದ್ದು ಪಬ್‌ಜಿ. ಆಟಕ್ಕೆ ಬಿದ್ದ ಸ್ಟಾರುಗಳು ಕೆಲವೇ ದಿನಕ್ಕೆ ಸರಸರನೆ ಇಳಿದವು.

ನನ್ನ ಕೇಳಿದರೆ ತಡ ಮಾಡುವುದು ದೊಡ್ಡ ತಪ್ಪಲ್ಲ, ಕೈಯಲ್ಲಿಲ್ಲದ ತಾರೀಖನ್ನು ಹಂಚುವುದೇ ತಪ್ಪು. ಆಸ್ಟ್ರೇಲಿಯಾದ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಸಿಲ್ಕ್‌ಸಾಂಗ್ ಆಟ ಮಾಡುತ್ತೇವೆಂದು 2019ರ ಫೆಬ್ರವರಿಯಲ್ಲಿ ಹೇಳಿತು. ಆಗ ವಿಜಯನಗರ ಜಿಲ್ಲೆಯೇ ಹುಟ್ಟಿರಲಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿದ್ದ ನಮ್ಮ ತಾಲ್ಲೂಕು ವಿಜಯನಗರಕ್ಕೂ ಸೇರಿ, ಬೋರ್ಡುಗಳ ಬಣ್ಣ ಮಾಸಿದ ಮೇಲೆ, 2025ರ ಸೆಪ್ಟೆಂಬರ್ 4ಕ್ಕೆ ಆಟ ಬಂತು. ಅವರೂ ಒಮ್ಮೆ 2023 ಎಂದು ಮಾತು ತಪ್ಪಿದವರೇ, ಆದರೆ ವಾರಕ್ಕೊಂದು ಆಸೆ ಹುಟ್ಟಿಸಲಿಲ್ಲ. ಬಂದ ದಿನ ಕೊಳ್ಳುವವರ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಕೆಲಹೊತ್ತು ಕೈಚೆಲ್ಲಿದವು.

ಇದನ್ನು ರಿಲೀಸಣ್ಣ ಹುಡುಗರಿಗೆ ಬಣ್ಣಿಸುತ್ತಿದ್ದಾಗಲೇ ಅರಸೀಕೆರೆ ಕಡೆಯ ಅಜ್ಜ ಒಬ್ಬರು ಮೆಟ್ಟಿಲೇರಿದರು.

"ಏನಪಾ, ನನ್ನ ಫೋನು?"

"ದಾವಣಗೆರೆಯಿಂದ ಡಿಸ್‌ಪ್ಲೇ ಬರಬೇಕಜ್ಜಾ. ಸೋಮವಾರ ಬರ್ರಿ."

"ಹೋದ ಸೋಮವಾರಾನೂ ಹಿಂಗೇ ಅಂದಿದ್ದೆಲ್ಲ?"

"ನೀವು ನಮ್ಮ ಹಳೇ ಗಿರಾಕಿ ಅಜ್ಜಾ. ನಿಮ್ಮಂಥೋರು ಇರೋದ್ರಿಂದಲೇ ಅಂಗಡಿ ನಡ್ಯಾಕತ್ತೈತಿ..."

ಮೂಲೆಯಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದ ಹುಡುಗ ಕೂಗಿದ: "ಅಜ್ಜಾ, ಮೊದಲನೇ ಸಾಲು ಬಂತು! ಸೋಮವಾರಾನೂ ಹೋತು!"

ಅಜ್ಜ ಏನು ತಿಳಿದರೋ, ಕೈ ಚಾಚಿದರು. "ಫೋನ್ ಕೊಡು, ಮುಂಗಡ ಇನ್ನೂರು ರೂಪಾಯಿನೂ ಕೊಡು."

ರಿಲೀಸಣ್ಣ ಗುಳ್ಳೆ ದೂಡುವುದನ್ನು ನಿಲ್ಲಿಸದೆ ಅಂದ: "ಸರ್ವರ್ ಡೌನ್ ಐತಜ್ಜಾ."