ಏನಾದರೂ ಹೆಚ್ಚುಕಮ್ಮಿ ಆದರೆ

ನಮ್ಮ ಪಾಲಿಸಿ ಮಾಮ ಮೂವತ್ತು ವರ್ಷ ಮುಂಬಯಿ ಕನ್ನಡಿಗರ ಮನೆಗಳ ಮೆಟ್ಟಿಲು ಹತ್ತಿ ಇಳಿದರೂ ‘ಸಾವು’ ಎಂಬ ಶಬ್ದವನ್ನು ಒಮ್ಮೆಯೂ ಬಾಯಿಂದ ಹೊರಡಿಸಿದವರಲ್ಲ. ಹಗಲು ಬ್ಯಾಂಕಿನಲ್ಲಿ ಗುಮಾಸ್ತಿಕೆ, ಸಂಜೆ ಮತ್ತು ಭಾನುವಾರ ಜೀವವಿಮೆ. ಏಜೆನ್ಸಿ ಮಾಮಿಯ ಹೆಸರಿನಲ್ಲಿ, ಓಡಾಟ ಮಾಮನದು. ಸೋಫಾದ ತುದಿಯಲ್ಲಿ ಕೂತು, ಚಹಾದ ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ದೇವರ ಪಟದ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ, “ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ...” ಎನ್ನುವರು. ಅಲ್ಲಿಗೆ ನಿಲ್ಲಿಸಿ ಚಕ್ಕುಲಿ ಮುರಿಯುವರು. ವಾಕ್ಯ ಮುಗಿಸಿಕೊಳ್ಳುವ ಹೊಣೆ ಕೇಳುವವನದು.

ಇದು ಮಾಮನ ಜಾಣತನ ಎಂದು ಬಹಳ ದಿನ ನಂಬಿದ್ದೆ. ಈಗ ನೋಡಿದರೆ ಅದು ಕನ್ನಡದ ಜಾಣತನ. ನಾವು ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಅಕ್ಕಿ ಒಂದು ಕಾಳೂ ಇಲ್ಲದಿದ್ದಾಗ ಅಕ್ಕಿ ‘ತುಂಬಿದೆ’ ಎನ್ನುವ ಅಜ್ಜಿಯರ ಕೈಯಲ್ಲಿ ಬೆಳೆದವರು. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಎಂದರೆ ಹೊಸಿಲಲ್ಲೇ ತಡೆದು ‘ಹೋಗಿ ಬರ್ತೇನೆ ಅನ್ನು’ ಎಂದು ತಿದ್ದಿಸುವವರು. ಇಂಥವರಿಗೆ ಮರಣದ ಮೇಲೆ ಹಣ ಕೊಡುವ ಕಾಗದವನ್ನು ಮಾರುವುದೆಂದರೆ, ಪ್ರಸಾದ ಹಂಚುವಾಗ ಶ್ರಾದ್ಧದ ಲೆಕ್ಕ ಕೇಳಿದ ಹಾಗೆ. ಮಾಮ ಅದನ್ನು ಸಾಧಿಸಿದರು.

ಅವರ ಸಮಯಪ್ರಜ್ಞೆಯೂ ಅಂಥದ್ದೇ. ಮಾಹೀಮಿನ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹದಲ್ಲಿ ಊರಿಂದ ಬಂದ ಮೇಳದ ಯಕ್ಷಗಾನ ನಡೆದಿತ್ತು. ಪ್ರಸಂಗ ಅಭಿಮನ್ಯು ಕಾಳಗ. ಚಕ್ರವ್ಯೂಹದೊಳಗೆ ಹುಡುಗ ಬಿದ್ದ, ಸಭಾಗೃಹದಲ್ಲಿ ಮೂಗೊರೆಸುವ ಸದ್ದು. ಹಿಂದಿನ ಸಾಲಿನಿಂದ ನನ್ನ ಹೆಗಲ ಮೇಲೊಂದು ಕೈ ಬಂತು. “ನೋಡು ಮಾರಾಯ, ಪಾಪ, ಎಳೆ ಪ್ರಾಯ. ಆ ಉತ್ತರೆ ಬೇರೆ ಬಸುರಿ.” ನನಗೆ ಆಗಷ್ಟೇ ಮದುವೆಯಾಗಿತ್ತು. ಮಂಗಳ ಹಾಡುವ ಮೊದಲೇ ಒಂದು ಲಕ್ಷದ ಫಾರ್ಮಿಗೆ ಸಹಿ ಹಾಕಿದ್ದೆ.

ಹೀಗೆ ಮಾಮನಿಂದ ಮೂರು ಪಾಲಿಸಿ ಕೊಂಡೆ. ಅವು ನನಗೆ ಬೀರುವಿನಷ್ಟೇ ಗಟ್ಟಿ ಆಸ್ತಿಯಾಗಿ ಕಾಣುತ್ತಿದ್ದವು. ಮೂರೂ ಸೇರಿ ಒಟ್ಟು ಮೊತ್ತ ಮೂರು ಲಕ್ಷ ಎಂದು ನಾನು ಕೂಡಿಸಿ ನೋಡಿದ್ದು ಹದಿನೈದು ವರ್ಷದ ಮೇಲೆ, ಹೆಂಡತಿ ಕೇಳಿದಾಗ. ಮೂರು ಲಕ್ಷಕ್ಕೆ ಇವತ್ತು ಡೊಂಬಿವಲಿಯಲ್ಲಿ ಒಂದು ಬಚ್ಚಲುಮನೆಯೂ ಬರುವುದಿಲ್ಲ. ಮಾಮನನ್ನು ದೂರುವಂತಿಲ್ಲ. ‘ಕಟ್ಟಿದ ದುಡ್ಡು ವಾಪಸ್ ಬರಬೇಕು ಮಾಮ’ ಎಂದು ಪಟ್ಟು ಹಿಡಿದವನು ನಾನೇ. ವಾಪಸ್ ಬರುವ ಪಾಲಿಸಿಯಲ್ಲಿ ವಿಮೆ ಚಿಟಿಕೆಯಷ್ಟು, ಉಳಿತಾಯ ಲೋಟದಷ್ಟು. ಉಪ್ಪಿಟ್ಟಿನ ಗೋಡಂಬಿ ಲೆಕ್ಕ.

ಅವಳು ಕೇಳಿದ್ದಕ್ಕೆ ಕಾರಣವಿತ್ತು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎರಡು ಲೋಕಲ್‌ಗಳು ಒಂದರ ಪಕ್ಕ ಒಂದು ಹಾದು ಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದರು. ನಾಲ್ಕು ಜನ ಅಂದೇ ಹೋದರು. ಅದು ನಾನು ದಿನವೂ ಹೋಗುವ ದಾರಿ. ಡೊಂಬಿವಲಿಯಲ್ಲಿ ಎಂಟು ಗಂಟೆ ಚಿಲ್ಲರೆಯ ಫಾಸ್ಟ್ ಹತ್ತುವವನಿಗೆ ಒಳಗೆ ಜಾಗ ಸಿಗುವುದು ಠಾಣೆ ದಾಟಿದ ಮೇಲೆ. ಅಲ್ಲಿಯವರೆಗೆ ಬಾಗಿಲೇ ಗತಿ. ಆ ದಿನ ನಾನು ಮನೆಯಲ್ಲೇ ಇದ್ದೆ, ನೆಗಡಿ. ಟಿವಿ ನೋಡಿದ ಅವಳು ಏನೂ ಮಾತಾಡಲಿಲ್ಲ. ರಾತ್ರಿ ಬೀರುವಿನಿಂದ ಆ ಮೂರು ಕಾಗದ ತೆಗೆದು ಊಟದ ಮೇಜಿನ ಮೇಲಿಟ್ಟು, “ಇಷ್ಟೇನಾ?” ಎಂದಳು.

ಮಾಮ ಈಗ ಊರಿಗೆ ಹೋಗಿ ನೆಲೆಸಿದ್ದಾರೆ, ಕಿವಿ ಕೇಳಿಸುವುದಿಲ್ಲ. ಹಾಗಾಗಿ ಆನ್‌ಲೈನ್.

ಹತ್ತಾರು ಕಂಪನಿಗಳ ಪಾಲಿಸಿಯನ್ನು ತರಕಾರಿಯಂತೆ ಸಾಲಾಗಿ ಜೋಡಿಸಿಟ್ಟ ಅಂಗಡಿ ಅದು. ಬೆಲೆ ನೋಡಬೇಕಾದರೆ ಮೊದಲು ಮೊಬೈಲ್ ನಂಬರ್ ಕೊಡಬೇಕು. ಕೊಟ್ಟೆ. ಬೆಲೆ ತೆರೆಯ ಮೇಲೆ ಬರುವ ಮೊದಲೇ ಫೋನು ಬಂತು. ಅದನ್ನು ಇಡುವಷ್ಟರಲ್ಲಿ ಇನ್ನೊಂದು. 140ರಿಂದ ಶುರುವಾಗುವ ನಂಬರುಗಳೆಲ್ಲ ಜಾಹೀರಾತಿನವು ಎಂದು ಮಗ ಹೇಳಿಕೊಟ್ಟ. ಆದರೆ ಇವು ಎಲ್ಲ ಅಂಕಿಗಳಿಂದಲೂ ಬರುತ್ತಿದ್ದವು. ಮೂರು ದಿನದಲ್ಲಿ ನನ್ನ ಆಯುಷ್ಯದ ಬಗ್ಗೆ ನನ್ನ ತಾಯಿಗಿಂತ ಹೆಚ್ಚು ಕಾಳಜಿ ಇರುವ ಇಪ್ಪತ್ತು ಮಂದಿಯ ಪರಿಚಯವಾಯಿತು.

ಒಬ್ಬಳು ನನ್ನ ಹೆಸರು ಓದಿ, ಹಿಂದಿಯನ್ನು ಅರ್ಧಕ್ಕೇ ಬಿಟ್ಟು, “ಸರ್, ನೀವು ಕನ್ನಡದವ್ರಾ?” ಎಂದಳು. ಬೆಂಗಳೂರಿನ ಹುಡುಗಿ. ಮುಂಬಯಿಯಲ್ಲಿ ಈ ಪ್ರಶ್ನೆ ಕೇಳಿದವರಿಗೆ ನಾನು ಕಿಡ್ನಿ ಬೇಕಾದರೂ ಕೊಟ್ಟೇನು. ಅವಳು ಹೇಳಿಕೊಟ್ಟದ್ದನ್ನು ಹೇಳುವಂತೆ ಶುರುಮಾಡಿದಳು.

“ಸರ್, ಡೆತ್ ಆದ್ಮೇಲೆ ದುಡ್ಡು ಒಟ್ಟಿಗೆ ಬೇಕಾ, ತಿಂಗಳು ತಿಂಗಳು ಬೇಕಾ?”

“ಯಾರಿಗೆ, ನನಗಾ?”

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ಧ್ವನಿ ತಗ್ಗಿತು. “ಹಾಗಲ್ಲ ಸರ್... ಅಕಸ್ಮಾತ್ ಏನಾದ್ರೂ ಹೆಚ್ಚುಕಮ್ಮಿ ಆದ್ರೆ...”

ನನಗೆ ಚಕ್ಕುಲಿ ಮುರಿದ ಸದ್ದು ಕೇಳಿಸಿತು.

ವೆಬ್‌ಸೈಟಿಗೆ ಈ ಸಂಕೋಚವಿಲ್ಲ. ಅದು ಪುಟಕ್ಕೆ ನಾಲ್ಕು ಸಲ ನನ್ನನ್ನು ಸಾಯಿಸುತ್ತದೆ. ‘ಡೆತ್ ಬೆನಿಫಿಟ್’ ಎಂದರೆ ಮರಣಲಾಭ. ಈ ಎರಡು ಶಬ್ದಗಳನ್ನು ಪಕ್ಕಪಕ್ಕ ಕೂರಿಸಲು ಮಾಮನಿಗೆ ಮೂವತ್ತು ವರ್ಷದಲ್ಲೂ ಧೈರ್ಯ ಬಂದಿರಲಿಲ್ಲ. ನಾನು ಹುಡುಕುತ್ತಿದ್ದುದು ಟರ್ಮ್ ಪಾಲಿಸಿ. ಅವಧಿಯೊಳಗೆ ಹೋದರೆ ಮನೆಯವರಿಗೆ ಒಂದು ಕೋಟಿ, ಬದುಕಿ ಉಳಿದರೆ ಸೊನ್ನೆ. “ಅಂದರೆ ನೀವು ಬದುಕಿದ್ರೆ ನಮಗೆ ನಷ್ಟ” ಎಂದು ಹೆಂಡತಿ ಒಂದೇ ಮಾತಿನಲ್ಲಿ ವಿಮಾಶಾಸ್ತ್ರ ಮುಗಿಸಿದಳು. ಅಗ್ಗವಾಗಿರುವುದೂ ಅದಕ್ಕೇ, ಹೆಚ್ಚಿನವರು ಬದುಕಿ ಉಳಿಯುತ್ತಾರೆಂಬುದೇ ಕಂಪನಿಯ ಬಂಡವಾಳ ಎಂದು ವಿವರಿಸಿದೆ. “ಕಂಪನಿಗಾದ್ರೂ ಅಷ್ಟು ನಂಬಿಕೆ ಇದೆಯಲ್ಲ” ಎಂದಳು.

ತೆರೆಯ ಮೇಲೆ ಒಂದು ಗೆರೆ, ಗೆರೆಯ ಮೇಲೊಂದು ನೀಲಿ ಗುಂಡಿ. ಎಷ್ಟನೇ ವಯಸ್ಸಿನವರೆಗೆ ರಕ್ಷಣೆ ಬೇಕೋ ಅಲ್ಲಿಯವರೆಗೆ ಗುಂಡಿಯನ್ನು ಎಳೆಯಬೇಕು. ನಾನು 65ಕ್ಕೆ ನಿಲ್ಲಿಸಿದೆ. ತಿಂಗಳಿಗೆ 2,000 ರೂಪಾಯಿ ಆಸುಪಾಸು ತೋರಿಸಿತು. ಹಿಂದೆ ನಿಂತು ನೋಡುತ್ತಿದ್ದವಳ ಮುಖ ಬಾಡಿತು. “ಅರವತ್ತೈದಕ್ಕೇ ನಿಲ್ಲಿಸಿಬಿಟ್ರಾ? ಇನ್ನೂ ಸ್ವಲ್ಪ ಆಚೆ ಎಳೀರಿ.” ಎಳೆದೆ. 75, 85, ಗೆರೆ 99ರವರೆಗೂ ಇತ್ತು. ಗುಂಡಿ ಮುಂದಕ್ಕೆ ಹೋದ ಹಾಗೆ ಕಂತೂ ಏರಿತು. 99ರಲ್ಲಿ ಅದು ಮಗನ ಕಾಲೇಜು ಫೀಸಿನ ಹತ್ತಿರಕ್ಕೆ ಬಂದಿತ್ತು. ಅವಳು ಒಂದು ನಿಮಿಷ ಯೋಚಿಸಿ, “ಬೇಡ, ಅರವತ್ತೈದೇ ಇರಲಿ” ಎಂದಳು. ಇಷ್ಟು ನಿಖರವಾದ ಬೆಲೆಯನ್ನು ನನಗೆ ಮದುವೆಯ ಮಾತುಕತೆಯಲ್ಲೂ ಯಾರೂ ಕಟ್ಟಿರಲಿಲ್ಲ.

“ಹಾಗೇ ನನ್ನದೂ ಹಾಕಿ ನೋಡಿ” ಎಂದಳು. ಉದ್ಯೋಗ: ಗೃಹಿಣಿ. ವಾರ್ಷಿಕ ಆದಾಯ: ಸೊನ್ನೆ. ಮೊತ್ತದ ಗುಂಡಿಯನ್ನು ಎಷ್ಟು ಎಳೆದರೂ ಅದು ಕೋಟಿಯ ಹತ್ತಿರ ಸುಳಿಯಲಿಲ್ಲ. ಅವಳು ಒಳಗೆ ಹೋದಳು. ಆ ಸಂಜೆ ನನಗೆ ಚಹಾ ಬರಲಿಲ್ಲ.

ಜೀವಜೀವಕ್ಕೆ ಬೇರೆ ಬೆಲೆ ಕಟ್ಟುವುದು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ವಿಮಾ ಕಂಪನಿಗಳು ಭಾರತೀಯರ ಜೀವಕ್ಕೆ ಹೆಚ್ಚಿನ ದರ ಹಾಕುತ್ತಿದ್ದವು. ನಮ್ಮವರು ಬೇಗ ಹೋಗುತ್ತಾರೆಂಬ ಲೆಕ್ಕ. ಎಲ್ಲರಿಗೂ ಒಂದೇ ದರ ಎಂದು ಮೊದಲು ಬಾಗಿಲು ತೆರೆದದ್ದು ಈ ಮುಂಬಯಿಯಲ್ಲೇ, 1870ರ ಬಾಂಬೆ ಮ್ಯೂಚುಯಲ್ ಸೊಸೈಟಿ. 1956ರ ಸೆಪ್ಟೆಂಬರ್ 1ರಂದು ಅದನ್ನೂ ಸೇರಿಸಿ 245 ಸಂಸ್ಥೆಗಳನ್ನು ಒಂದು ಮಾಡಿ ಎಲ್‌ಐಸಿ ಕಟ್ಟಿದರು. ನರಿಮನ್ ಪಾಯಿಂಟಿನ ಅದರ ಕೇಂದ್ರ ಕಚೇರಿಯ ಹೆಸರು ‘ಯೋಗಕ್ಷೇಮ’. ಎರಡು ಕೈಗಳ ನಡುವೆ ಉರಿಯುವ ದೀಪ ಅದರ ಚಿಹ್ನೆ. ಅಲ್ಲೂ ನೋಡಿ, ದೀಪ ಆರಿದರೆ ಎಂಬ ಮಾತಿಲ್ಲ. ಮಧ್ಯಾಹ್ನ ಊಟ ಮುಗಿಸಿ ಆ ಕಟ್ಟಡದ ಮುಂದೆ ನಡೆಯುವಾಗ, ಹೆಸರಿಟ್ಟವರ ಮನೆಯಲ್ಲೂ ನಮ್ಮಜ್ಜಿಯಂಥ ಒಬ್ಬಳು ಇದ್ದಿರಬೇಕು ಅನಿಸುತ್ತದೆ.

ಫಾರ್ಮು ಮುಂದುವರಿಯಿತು. ಪರ್ವತಾರೋಹಣ ಮಾಡುತ್ತೀರಾ? ಇಲ್ಲ. ಸಮುದ್ರದಾಳಕ್ಕೆ ಧುಮುಕುತ್ತೀರಾ? ಇಲ್ಲ. ಪ್ಯಾರಾಗ್ಲೈಡಿಂಗ್? ಇಲ್ಲ. ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಹತ್ತುತ್ತೀರಾ ಎಂದು ಯಾರೂ ಕೇಳಲಿಲ್ಲ. ದಿನಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಓಡಾಡುವ ಈ ರೈಲು ಕಂಪನಿಯವರ ಪಟ್ಟಿಯಲ್ಲಿ ಸಾಹಸವಲ್ಲ. ಕೇಳದ್ದನ್ನು ನಾನೂ ಹೇಳಲಿಲ್ಲ.

ತಂದೆ ಇದ್ದಾರೆಯೇ? ಇಲ್ಲ. ಕಾರಣ? ಅಲ್ಲೊಂದು ಪಟ್ಟಿ: ಹೃದಯ, ಕ್ಯಾನ್ಸರ್, ಪಾರ್ಶ್ವವಾಯು, ಮಧುಮೇಹ, ಇತರೆ. ಊರಿಗೆ ಫೋನು ಹಚ್ಚಿದೆ.

“ಅಮ್ಮ, ಅಪ್ಪ ಹೋದದ್ದು ಯಾತರಿಂದ? ಡಾಕ್ಟರು ಏನಂದಿದ್ರು?”

“ಎಂತಕ್ಕೆ ಈಗ ಅದೆಲ್ಲ? ರಾತ್ರಿ ಗಂಜಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಪುಣ್ಯವಂತರು. ನಿನಗೆ ಹುಷಾರಿಲ್ವಾ?”

ಪಟ್ಟಿಯಲ್ಲಿ ‘ಪುಣ್ಯವಂತರು’ ಇರಲಿಲ್ಲ. ‘ಇತರೆ’ ಒತ್ತಿದರೆ ವಿವರ ಬರೆಯಿರಿ ಎಂದು ಇನ್ನೊಂದು ಚೌಕ ತೆರೆಯಿತು. ‘ನಿದ್ದೆಯಲ್ಲಿ’ ಎಂದು ಬರೆದೆ. ಎರಡು ದಿನದ ಮೇಲೆ ಕಂಪನಿಯ ಡಾಕ್ಟರು ಫೋನು ಮಾಡಿ, ಅಪ್ಪನಿಗೆ ನಿದ್ದೆಯ ಕಾಯಿಲೆ ಎಷ್ಟು ವರ್ಷದಿಂದ ಇತ್ತು ಎಂದು ವಿಚಾರಿಸಿದರು.

ರಕ್ತ ತೆಗೆಯುವ ಹುಡುಗ ಭಾನುವಾರ ಬೆಳಿಗ್ಗೆ ಏಳಕ್ಕೆ ಬಂದ. ಬೆನ್ನಿಗೊಂದು ಚೀಲ. ಅದರೊಳಗೆ ಸೂಜಿ, ಸೀಸೆ, ಬಿಪಿ ಯಂತ್ರ, ದರ್ಜಿಯ ಟೇಪು, ಗಾಜಿನ ತೂಕದ ಹಲಗೆ. “ಕಾಕಾ, ಹಾತ್ ಸೈಲ್ ಸೋಡಾ” ಎಂದು ಕೈ ಸಡಿಲ ಬಿಡಲು ಹೇಳಿ, ಸೂಜಿ ಚುಚ್ಚಿ ಮೂರು ಸೀಸೆ ತುಂಬಿಸಿಕೊಂಡ. ಫಾರ್ಮಿನಲ್ಲಿ ನನ್ನ ತೂಕ 72 ಎಂದು ಬರೆದಿದ್ದೆ. ಅದು ಸುಳ್ಳಲ್ಲ, ಹಳೆಯದು. ಹಲಗೆ 79 ತೋರಿಸಿತು. ಒಂದು ಕಾಲು ಎತ್ತಿ ನೋಡಿದೆ, ಅಷ್ಟೇ ಇತ್ತು. ಆಮೇಲೆ ಟೇಪು ಹೊಟ್ಟೆಯ ಸುತ್ತ ಬಂತು. ಉಸಿರು ಎಳೆದುಕೊಂಡೆ. ಅವನು ಟೇಪು ಹಿಡಿದೇ ನಿಂತ. ಗೋಡೆ ಗಡಿಯಾರದ ಮುಳ್ಳು ಟಿಕ್ ಟಿಕ್. ಇಪ್ಪತ್ತು ಸೆಕೆಂಡು ಕಳೆದ ಮೇಲೆ ನಾನೇ ಸೋತೆ. ಅವನು ಅಂಕಿ ಬರೆದುಕೊಂಡ. ಇಂಥ ಹೊಟ್ಟೆಗಳನ್ನು ಅವನು ದಿನಕ್ಕೆ ಹತ್ತು ನೋಡುತ್ತಾನೆ. ಮಾಮನ ಕಾಲದಲ್ಲಿ ಡಾಕ್ಟರು ‘ಉಸಿರು ಎಳೆದುಕೊಳ್ಳಿ’ ಎಂದರೆ ಅದನ್ನು ಹೊರಬಿಡುವ ಮೊದಲೇ ಸಹಿ ಆಗಿರುತ್ತಿತ್ತು.

ಇಷ್ಟೆಲ್ಲ ಆಗುವಾಗ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಜೂನ್‌ನಲ್ಲಿ ಹೇಳಿದ ಕೆಲಸವನ್ನು ಇಲ್ಲಿಯವರೆಗೆ ಎಳೆದೆನೆಂದು ಹೆಂಡತಿಗೆ ಸಿಟ್ಟಿತ್ತು. ಅಷ್ಟರಲ್ಲಿ ಸರ್ಕಾರ ನನ್ನ ಸಹಾಯಕ್ಕೆ ಬಂತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಮೇಲಿದ್ದ ಶೇಕಡಾ 18 ಜಿಎಸ್‌ಟಿ ರದ್ದು. “ಕಾದದ್ದು ಅದಕ್ಕೇ” ಎಂದೆ. ನಂಬಲಿಲ್ಲ, ಆದರೆ ಉಳಿದ ದುಡ್ಡಿಗೆ ಏನು ಕೊಳ್ಳಬೇಕೆಂದು ಆಗಲೇ ಯೋಚಿಸತೊಡಗಿದಳು.

ಪಾಲಿಸಿ ಇಮೇಲಿನಲ್ಲಿ ಬಂತು. ಓದಿ ಒಪ್ಪದಿದ್ದರೆ 30 ದಿನದೊಳಗೆ ಹಿಂತಿರುಗಿಸಬಹುದು. ಆದರೆ ಹತ್ತಾರು ಪುಟದ ಇಂಗ್ಲಿಷ್ ಓದಲು 30 ದಿನ ಎಲ್ಲಿ ಸಾಲುತ್ತದೆ? ಒಂದು ಕಲಮು ಮಾತ್ರ ನನಗೆ ಹಿಡಿಸಿತು. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಅಪ್ಪನ ನಿದ್ದೆ, ನನ್ನ ಏಳು ಕಿಲೋ, ಎಲ್ಲ ಮಾಫಿ. ಸಂಭ್ರಮದಿಂದ ಅವಳಿಗೆ ಹೇಳಿದೆ.

“ಹಾಗಾದ್ರೆ ಮೂರು ವರ್ಷ ಬಾಗಿಲ ಹತ್ರ ನಿಲ್ಲಬೇಡಿ” ಎಂದಳು.

ಈಗ ಇಪ್ಪತ್ತು ನಿಮಿಷ ಮೊದಲು ಮನೆ ಬಿಟ್ಟು, ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯುತ್ತೇನೆ. ಕೂರಲು ಸಿಗುವುದಿಲ್ಲ, ಆದರೆ ಒಳಗೆ ನಿಲ್ಲಲು ಸಿಗುತ್ತದೆ. ಪಾಲಿಸಿಯ ಪಾಸ್‌ವರ್ಡ್ ಫೋನಿನಲ್ಲಿದ್ದರೆ ಸಾಲದು, ಫೋನು ನನ್ನ ಜೊತೆಗೇ ಇರುತ್ತದಲ್ಲ ಎಂದು ಅವಳಿಗೆ ಹೊಳೆಯಿತು. ಅಡುಗೆಮನೆಯ ಕನ್ನಡ ಕಾಲನಿರ್ಣಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಹಾಲಿನ ಲೆಕ್ಕದ ಕೆಳಗೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ. ತಲೆಬರಹ: ‘ಹೆಚ್ಚುಕಮ್ಮಿ’. ಅದರ ಕೆಳಗೆ ಗ್ಯಾಸ್ ಏಜೆನ್ಸಿಯ ನಂಬರಿದೆ.