ಷರತ್ತು ಪಂಡಿತ

ಷರತ್ತು ಪಂಡಿತ ಕಳವಾದ ಮೇಲೆ ಕಾಣಿಸಿಕೊಳ್ಳುವ ಮನುಷ್ಯ. ವಯಸ್ಸು ಐವತ್ತರ ಆಚೆ, ಕನ್ನಡಕ ಹಣೆಯ ಮೇಲೆ, ಪೆನ್ನು ಜೇಬಿನಲ್ಲಿ. ಎಲ್ಲ ಊರಿನಲ್ಲೂ ಇರುವವನೇ, ಆದರೆ ಶಿರಂಗಾಲದಂಥ ಕಡೆ ಆತನಿಗೆ ಕೆಲಸ ತುಸು ಹೆಚ್ಚು. ಕಾವೇರಿ ಕೊಡಗನ್ನು ಬಿಟ್ಟು ಹಾಸನದತ್ತ ಹೊರಳುವ ಈ ಅಂಚಿನಲ್ಲಿ ನೆಲ ಅಷ್ಟಿಷ್ಟು ಸಮತಟ್ಟು. ಮಡಿಕೇರಿಯ ಏರಿನಲ್ಲಿ ತಳ್ಳಬೇಕಾದ ಸೈಕಲ್ಲನ್ನು ಇಲ್ಲಿ ತುಳಿಯಬಹುದು, ಕಳ್ಳನೂ ತುಳಿಯಬಹುದು.

ಪಾಲಿಸಿ ಮಾಡಿಸುವಾಗ ಪಂಡಿತ ಹತ್ತಿರದಲ್ಲಿ ಇರುವುದಿಲ್ಲ. ಮನೆ ಸಾಲದ ಜೊತೆಗೆ ಬ್ಯಾಂಕಿನವರು ಕೊಟ್ಟ ವಿಮೆ ಕಾಗದ ಪಹಣಿ, ರೇಷನ್ ಕಾರ್ಡುಗಳೊಂದಿಗೆ ಟ್ರಂಕು ಸೇರಿರುತ್ತದೆ. ಸೈಕಲ್ ಹೋದ ಮರುದಿನ ಅದು ಟೀ ಅಂಗಡಿಗೆ ಬರುತ್ತದೆ. ಪಂಡಿತ ಮೊದಲ ಪುಟ ನೋಡುವುದಿಲ್ಲ, ಇರುವೆ ಸಾಲಿನಂಥ ಅಕ್ಷರಗಳ ಪುಟಕ್ಕೆ ನೇರ ಹೋಗುತ್ತಾನೆ.

“ಬೀಗ ಮುರ್ದಿದ್ನಾ ಗೌಡ್ರೇ?”

“ಇಲ್ಲ. ಜಗಲೀಲಿ ನಿಂತಿತ್ತು, ತಗೊಂಡು ಹೋದ.”

ಪಂಡಿತನ ಮುಖ ಅರಳುತ್ತದೆ. ಬಲಪ್ರಯೋಗ ಮಾಡಿ ನುಗ್ಗಿ ಕದ್ದರೆ ಮಾತ್ರ ಮನೆಗಳವು ಎಂದು ಪಾಲಿಸಿ ಬರೆದಿದ್ದರೆ, ಸುಮ್ಮನೆ ಎತ್ತಿಕೊಂಡು ಹೋದದ್ದಕ್ಕೆ ಪರಿಹಾರವಿಲ್ಲ. 2004ರ ಹರ್ಚಂದ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿದೆ. ಏನನ್ನೂ ಒಡೆಯದ ಕಳ್ಳ ಸಭ್ಯನಿರಬಹುದು, ಆ ಸಭ್ಯತೆಯ ಖರ್ಚು ಮಾಲೀಕನದು.

ಟ್ರಂಕಿನಿಂದ ಬಂದದ್ದು ಭಾರತ್ ಗೃಹ ರಕ್ಷಾ ಪಾಲಿಸಿಯಾದರೆ ಪಂಡಿತ ಎರಡನೇ ಟೀ ಹೇಳುತ್ತಾನೆ, ಲೆಕ್ಕ ಗೌಡರದೇ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರುತ್ತಿರುವ ಈ ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಭೂಕುಸಿತಗಳಿಗೆ. ಕಳವೂ ಅದರಲ್ಲಿದೆ, ಆದರೆ ಇಂಥ ಅನಾಹುತದಿಂದಲೇ ಉಂಟಾಗಿ ಏಳು ದಿನದೊಳಗೆ ನಡೆದ ಕಳವು ಮಾತ್ರ. ಅಂದರೆ ಮೊದಲು ಕಾವೇರಿ ಮನೆಗೆ ನುಗ್ಗಬೇಕು, ಆ ವಾರದಲ್ಲೇ ಕಳ್ಳನೂ ಬರಬೇಕು. ಗೌಡರ ಸೈಕಲ್ ಹೋದದ್ದು ಬೇಸಿಗೆಯಲ್ಲಿ.

ಸೈಕಲ್ಲಿಗೆಂದೇ ಬರೆಸಿದ ವಿಮೆ ಇದ್ದರೂ ಪಂಡಿತ ಎದೆಗುಂದುವುದಿಲ್ಲ. ಬರೀ ಬೆಲ್ಲು, ಡೈನಮೊ, ಪಂಪು ಕಳವಾದರೆ ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಪರಿಹಾರವಿಲ್ಲ. ಸೈಕಲ್ಲೂ ಜೊತೆಗೇ ಹೋಗಿರಬೇಕು. ಪೂರ್ತಿ ಕದಿಯುವ ಕಳ್ಳನಿಗಾಗಿ ಹರಕೆ ಹೊರುವ ಸ್ಥಿತಿ.

ಪಂಡಿತನ ನೆಚ್ಚಿನ ಅಧ್ಯಾಯ ಪೊಲೀಸ್ ಠಾಣೆಯದು. ಕಂಪನಿ ಎಫ್‌ಐಆರ್ ಕೇಳುತ್ತದೆ. 2024ರ ಜುಲೈ 1ರಂದು ಬಂದ ಹೊಸ ಕಾನೂನಿನಂತೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ.

“ಸ್ಟೇಷನ್ನಲ್ಲಿ ಬೆಲೆ ಎಷ್ಟಂದ್ರಿ?”

“ಹಳೇದಲ್ವಾ, ನಾಲ್ಕು ಸಾವಿರ ಅಂದೆ.”

“ಸತ್ಯ ಹೇಳಕ್ಕೆ ಹೋದ್ರಾ?”

ಇಷ್ಟು ತಿಳಿದವನಿಗೆ ಇನ್ನೊಂದು ಕಡೆಯ ವಿಷಯವೂ ತಿಳಿದಿರುತ್ತದೆ, ಆದರೆ ಅದನ್ನು ಹೇಳುವ ಆತುರವಿಲ್ಲ. ಟ್ರ್ಯಾಕ್ಟರ್ ಕಳವಿನ ಪ್ರಕರಣವೊಂದರಲ್ಲಿ, ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ್ದೊಂದನ್ನೇ ಹಿಡಿದು ಕ್ಲೇಮು ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿತು. ಕಂಪನಿಗೆ ಲಿಖಿತ ದೂರು ಕೊಟ್ಟು, ಅದು ತಿರಸ್ಕರಿಸಿದರೆ ಅಥವಾ ಒಂದು ತಿಂಗಳು ಸುಮ್ಮನಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅರ್ಜಿ ಒಂದು ವರ್ಷದೊಳಗೆ ಸೇರಬೇಕು. ಪಂಡಿತನಿಗೆ ಇದು ನೆನಪಾಗುವುದು ಹದಿಮೂರನೆಯ ತಿಂಗಳಲ್ಲಿ.